ಎದುರು ನಿಂತವಳ ಮಾತು

ತನ್ನ ಹೃದಯ ಕೆಟ್ಟಿದೆ ಎಂದು ಯಾರಾದರೂ ಡಾಕ್ಟರು ಬಾಯಿಬಿಟ್ಟು ಹೇಳಲಿ ಎಂದು ದರ್ಗಾಕ್ಕೆ ಹರಕೆ ಹೊತ್ತ ಹೆಂಗಸು ದಾವಣಗೆರೆಯಲ್ಲಿ ಒಬ್ಬಳೇ ಇದ್ದಿರಬೇಕು. ಉಳಿದವರೆಲ್ಲ ಕಾಯಿಲೆ ಹೋಗಲಿ ಎಂದು ಸಕ್ಕರೆಯ ಮೇಲೆ ಫಾತಿಹಾ ಓದಿಸುತ್ತಾರೆ. ಹಜೀರಾಬೀ ಕಾಯಿಲೆ ಸಿಗಲಿ ಎಂದು ಓದಿಸಿದಳು. ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಹಿಡಿದಿದ್ದರೆ ಓಣಿಯ ಜನ ಅವಳ ಮಾತನ್ನು ಇದಕ್ಕಿಂತ ತಾಳ್ಮೆಯಿಂದ ಕೇಳುತ್ತಿದ್ದರು.

ಅವಳು ಮಂಡಕ್ಕಿ ಭಟ್ಟಿಯ ಹೆಂಗಸು. ಸಂಜೆ ಹೊತ್ತು ಮಂಡಕ್ಕಿಗೆ ಮೆಣಸಿನಕಾಯಿ ನಂಚಿಕೊಂಡು ಊರ ರಾಜಕೀಯ ಮಾತಾಡುವ ದೊಡ್ಡಮನುಷ್ಯರಿಗೆ ಆ ಮಂಡಕ್ಕಿ ಯಾರ ಮುಖದ ಮುಂದೆ ಅರಳಿತು ಎಂದು ಕೇಳುವ ಪುರುಸೊತ್ತು ಇರುವುದಿಲ್ಲ. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯಬೇಕು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಇನ್ನೊಂದು ಮಿಟುಕಿಗೆ ಕರಿಯಾಗುತ್ತದೆ. ಅಷ್ಟರೊಳಗೆ ಬಾಚಿ ಜರಡಿಗೆ ಹಾಕಿ, ಮರಳನ್ನು ಮತ್ತೆ ಬಾಣಲೆಗೆ ಬೀಳಿಸಬೇಕು. ಒಬ್ಬಳು ಸುರಿದು ಕೈಯಾಡಿಸುತ್ತಾಳೆ, ಎದುರಿನವಳು ಬಾಚಿ ಜರಡಿ ಹಿಡಿಯುತ್ತಾಳೆ. ನಡುವೆ ಒಲೆ, ಒಲೆಯೊಳಗೆ ಭತ್ತದ ಹೊಟ್ಟಿನ ಬೆಂಕಿ. ಹೀಗೆ ಎದುರುಬದುರು ನಿಂತ ಇಬ್ಬರಿಗೆ ಭಟ್ಟಿಯಲ್ಲಿ ಜೋಡಿ ಎನ್ನುತ್ತಾರೆ. ಗಂಡಹೆಂಡಿರ ಜೋಡಿಗಿಂತ ಇದು ಗಟ್ಟಿ. ಗಂಡಹೆಂಡಿರು ದಿನಕ್ಕೆ ಹತ್ತು ತಾಸು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತದ್ದನ್ನು ಯಾರೂ ಕಂಡಿಲ್ಲ.

ಮುರುಗೇಶಪ್ಪನವರ ಭಟ್ಟಿಯಲ್ಲಿ ಇದರ ಮೇಲೆ ಒಂದು ಪದ್ಧತಿಯೇ ಕಟ್ಟಿತ್ತು. ಹೆಂಗಸರ ವಿಷಯ ಏನೇ ಬರಲಿ, ಜ್ವರವೋ, ಬಸಿರೋ, ಬರೀ ನೆಪವೋ, ಯಜಮಾನರು ಆ ಹೆಂಗಸನ್ನು ಕೇಳುತ್ತಿರಲಿಲ್ಲ, ಅವಳ ಜೋಡಿಯನ್ನು ಕರೆದು ಕೇಳುತ್ತಿದ್ದರು. ತನ್ನ ಮುಖ ತನಗೆ ಕಾಣುವುದಿಲ್ಲ, ಎದುರು ನಿಂತವಳಿಗೆ ಕಾಣುತ್ತದೆ ಎಂಬುದು ಅವರ ತಂದೆಯ ಕಾಲದಿಂದ ಬಂದ ಮಾತು. ಜೋಡಿ ಹೂಂ ಎಂದರೆ ಹೂಂ, ಇಲ್ಲ ಎಂದರೆ ಇಲ್ಲ. ಅದರ ಮೇಲೆ ಅಪೀಲು ಇರಲಿಲ್ಲ. ಹೆಂಗಸರೂ ಈ ಪದ್ಧತಿಯನ್ನು ಒಪ್ಪಿಕೊಂಡಿದ್ದರು. ಯಜಮಾನನ ಮರ್ಜಿಗಿಂತ ಗೆಳತಿಯ ನಾಲಿಗೆ ವಾಸಿ ಎಂದು ಅವರ ಲೆಕ್ಕ.

ಹಜೀರಾಬೀಯ ಜೋಡಿ ಖುರ್ಷೀದಾ. ಹಜೀರಾ ಹರಿಹರದವಳು, ಖುರ್ಷೀದಾ ಬಾತಿಯವಳು. ಇಬ್ಬರೂ ಮದುವೆಯಾಗಿ ದಾವಣಗೆರೆಗೆ ಬಂದು, ಒಂದೇ ದಿನ ಭಟ್ಟಿಗೆ ಕಾಲಿಟ್ಟವರು. ಹಜೀರಾ ನಾಲ್ಕು ವರ್ಷಕ್ಕೆ ದೊಡ್ಡವಳಾದ್ದರಿಂದ ಆಪಾ ಎನ್ನಿಸಿಕೊಂಡಳು. ಮನೆಯಲ್ಲಿ ಉರ್ದು ಮಾತಾಡುವ ಇಬ್ಬರೂ ಭಟ್ಟಿಯಲ್ಲಿ ಕನ್ನಡ ಮಾತಾಡಿ ಮಾತಾಡಿ, ಕೊನೆಗೆ ತಮ್ಮತಮ್ಮಲ್ಲೂ ಅದನ್ನೇ ಆಡತೊಡಗಿದರು. ಖುರ್ಷೀದಾಳ ಮಗ ಹುಟ್ಟಿದಾಗ ಅವಳಿಗೆ ವಿಷಮಜ್ವರ ಬಂದು ಹಾಲು ಬತ್ತಿತು. ತನ್ನ ಮಗಳ ಜೊತೆಗೆ ಆ ಕೂಸಿಗೂ ಎದೆ ಕೊಟ್ಟವಳು ಹಜೀರಾ. ಅಲ್ಲಿಗೆ ಆ ಹುಡುಗ ಅವಳಿಗೆ ಹಾಲುಮಗನಾದ, ಅವಳ ಹೆಣ್ಣುಮಕ್ಕಳಿಗೆ ಅಣ್ಣತಮ್ಮನ ಸಮಾನನಾದ. ಇಂಥ ಸಂಬಂಧ ಮಾತಿನಲ್ಲಿ ಕಟ್ಟಿದ್ದಲ್ಲ, ಮಾತಿನಲ್ಲಿ ಬಿಡಿಸಿಕೊಳ್ಳಲೂ ಬರುವುದಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಹಜೀರಾಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಜೊತೆಗೆ ಬಿ.ಪಿ.ಯೂ ಇತ್ತು. ಗುಳಿಗೆ ನುಂಗಿದಳು, ಚಹಾಕ್ಕೆ ಸಕ್ಕರೆ ಬಿಟ್ಟಳು, ಕೆಲಸ ಬಿಡಲಿಲ್ಲ. ಅವಳ ಗಂಡ ಇಮಾಮ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುವವನು. ಊರಿಗೆ ಸ್ಟೀಲ್ ಪಾತ್ರೆ ಬಂದು ಅವನ ಕಸುಬು ಕುಂಟತೊಡಗಿದ ಕಾಲ ಅದು. ಒಳ್ಳೆಯವನೇ, ಆದರೆ ಗಾಳಿ ಬಂದ ಕಡೆ ತೂರಿಕೊಳ್ಳುವ ಒಳ್ಳೆಯತನ ಅವನದು.

ಎದೆನೋವು ಶುರುವಾದದ್ದು ಅದಾದ ನಾಲ್ಕೈದು ವರ್ಷಕ್ಕೆ. ಜರಡಿ ಎತ್ತಿ ಜಾಡಿಸುವಾಗ ಎದೆಯ ನಡುವೆ ಯಾರೋ ಮಂಡಿಯೂರಿ ಕೂತ ಹಾಗೆ ಆಗುತ್ತಿತ್ತು. ಅಲ್ಲಿಂದ ದವಡೆಗೆ ಹತ್ತುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕೂತರೆ ಕೂಡಲೇ ಹೋಗುತ್ತಲೂ ಇರಲಿಲ್ಲ. ಚಹಾ ಕುದಿಸಿ ಕುಡಿದು ಲೋಟ ತೊಳೆಯುವಷ್ಟು ಹೊತ್ತು ಇದ್ದು, ತನಗೆ ಬೇಕಾದಾಗ ಇಳಿಯುತ್ತಿತ್ತು. ಮೊದಲ ಸಲ ಹಾಗಾದಾಗ ಖುರ್ಷೀದಾಳೇ ಒಲೆ ಸುತ್ತಿ ಓಡಿಬಂದು ಜರಡಿ ಕಸಿದುಕೊಂಡಳು. ಆಪಾಳನ್ನು ಗೋಡೆಗೆ ಒರಗಿಸಿ, ತನ್ನ ಸೆರಗಿನಿಂದ ಹಣೆಯ ಬೆವರು ಒರೆಸಿದಳು. ಬೆಂಕಿಯ ಮುಂದೆ ನಿಂತವಳ ಬೆವರು ತಣ್ಣಗೆ ಇರುವುದು ಕಂಡು ಅವಳು ಮತ್ತೊಮ್ಮೆ ಮುಟ್ಟಿ ನೋಡಿದ್ದು ಹಜೀರಾಳಿಗೆ ನೆನಪಿತ್ತು. ಆಮೇಲೆ ಅದು ವಾರಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ಬರತೊಡಗಿತು. ಬಂದಾಗಲೆಲ್ಲ ಖುರ್ಷೀದಾ ಸುರಿಯುವುದೂ ಬಾಚುವುದೂ ಎರಡನ್ನೂ ಒಬ್ಬಳೇ ಮಾಡಿ, ಯಜಮಾನರ ಕಣ್ಣಿಗೆ ಬೀಳದ ಹಾಗೆ ಸಂಭಾಳಿಸುತ್ತಿದ್ದಳು.

ಊರಿನ ಡಾಕ್ಟರುಗಳು ಇ.ಸಿ.ಜಿ. ತೆಗೆದರು. ಮಂಚದ ಮೇಲೆ ಆರಾಮಾಗಿ ಮಲಗಿದ ಹೆಂಗಸಿನ ಹೃದಯ ಆರಾಮಾಗಿಯೇ ಇತ್ತು. ಗ್ಯಾಸು ಎಂದರು ಒಬ್ಬರು. ಮುಟ್ಟು ನಿಲ್ಲುವ ಕಾಲ, ಹೀಗೆಲ್ಲ ಆಗುತ್ತದೆ ಎಂದರು ಇನ್ನೊಬ್ಬರು. ಮೂರನೆಯವರು ಗುಳಿಗೆಯೊಂದನ್ನು ಬರೆದುಕೊಟ್ಟು, ಅದನ್ನು ನುಂಗಿದರೆ ಒಳ್ಳೆ ನಿದ್ದೆ ಬರುತ್ತದೆ ಎಂದರು. ನಿದ್ದೆ ಬಂತು. ನೋವು ಎಚ್ಚರವಾಗಿಯೇ ಇತ್ತು.

ಆ ಭಟ್ಟಿಯಲ್ಲಿ ಬೆಂಕಿಯಿಂದ ದೂರದ ಜಾಗ ಒಂದೇ ಒಂದು. ಬಾಗಿಲ ಪಕ್ಕದಲ್ಲಿ ಕೂತು ಮಂಡಕ್ಕಿ ಅಳೆದು ಚೀಲಕ್ಕೆ ತುಂಬಿಸುವ ಜಾಗ. ಅಲ್ಲಿ ಗಾಳಿ ಬರುತ್ತಿತ್ತು, ಕೂತು ಮಾಡುವ ಕೆಲಸ, ಕೈಯಲ್ಲಿ ಅಳತೆಯ ಡಬ್ಬಿ ಬಿಟ್ಟರೆ ಬೇರೆ ಭಾರವಿಲ್ಲ. ಮೂವತ್ತು ವರ್ಷದಿಂದ ಅಲ್ಲಿ ಹಂಪವ್ವ ಎಂಬ ಮುದುಕಿ ಕೂತಿದ್ದಳು. ಅಳೆಯುವ ಕೈ ಬದಲಾದರೆ ಬರಕತ್ತು ಹೋಗುತ್ತದೆ ಎಂಬ ನಂಬಿಕೆ ಇದ್ದುದರಿಂದ, ಆ ಜಾಗಕ್ಕೆ ಒಮ್ಮೆ ಕೂತವಳು ಸಾಯುವ ತನಕ ಅಥವಾ ಕೈಲಾಗದೆ ಏಳುವ ತನಕ ಕೂರುವುದು. ಇವತ್ತು ನೀನು, ನಾಳೆ ನಾನು ಎನ್ನುವಂತಿರಲಿಲ್ಲ. ಎಂಬತ್ತೆರಡರಲ್ಲಿ ಹಂಪವ್ವನ ಕಣ್ಣು ಮಂಜಾಗಿ, ದೀಪಾವಳಿ ಮುಗಿದ ಮೇಲೆ ತಾನು ಮಗಳ ಮನೆಗೆ ಆವರಗೆರೆಗೆ ಹೋಗುತ್ತೇನೆ ಎಂದಳು. ಆ ಜಾಗ ಹಿರಿಯ ಜೋಡಿಗೆ ಸೇರಬೇಕಾದ್ದು. ಹಿರಿಯ ಜೋಡಿ ಎಂದರೆ ಹಜೀರಾ ಮತ್ತು ಖುರ್ಷೀದಾ. ಇಬ್ಬರಲ್ಲಿ ಒಬ್ಬಳು.

ಒಬ್ಬಳು ಎಂದರೆ ಹಜೀರಾ ಎಂದೇ ಎಲ್ಲರೂ ತಿಳಿದಿದ್ದರು. ಖುರ್ಷೀದಾಳೇ ಹಾಗೆ ಹೇಳುತ್ತಿದ್ದಳು. ಆದರೆ ಮುರುಗೇಶಪ್ಪನವರು ಸುಮ್ಮನೆ ಹೂಂ ಎನ್ನುವ ಆಸಾಮಿಯಲ್ಲ. ಕೆಟ್ಟವರಲ್ಲ, ಎಲ್ಲವನ್ನೂ ಪಕ್ಕಾ ಮಾಡಿಕೊಳ್ಳುವ ಚಟ ಅಷ್ಟೆ. ಅವರ ಭಾವಮೈದುನ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಹೃದಯದೊಳಗಿನ ರಕ್ತನಾಳಗಳ ಫೋಟೋ ತೆಗೆಯುವ ಮಿಷನ್ನು ಅಲ್ಲಿ ಬಂದಿದೆ, ಹೋಗಿ ತೋರಿಸಿಕೊಂಡು ಬಾ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದರು. ತಮ್ಮ ಗುಮಾಸ್ತ ಜಂಬಯ್ಯನನ್ನೇ ಗಂಡಹೆಂಡಿರ ಜೊತೆ ರೈಲು ಹತ್ತಿಸಿದರು. ದರ್ಗಾದಲ್ಲಿ ಸಕ್ಕರೆ ಓದಿಸಿದ್ದು ಆಗಲೇ. ನೋವು ಇದ್ದದ್ದು ಇದ್ದೇ ಇತ್ತು. ಅದು ಬೇರೆಯವರ ಕಣ್ಣಿಗೂ ಬೀಳಲಿ ಎಂದಷ್ಟೇ ಅವಳು ಕೇಳಿಕೊಂಡಳು.

ಆ ಪರೀಕ್ಷೆಯ ಬಗ್ಗೆ ಹಜೀರಾ ಆಮೇಲೆ ಯಾರಿಗೂ ಪೂರ್ತಿ ಹೇಳಲಿಲ್ಲ. ತೊಡೆಯ ಸಂದಿಯಿಂದ ಕೊಳವೆ ತೂರಿಸುತ್ತಾರೆ. ಗಂಡನ ಮುಂದೆಯೂ ದೀಪ ಆರಿಸದೆ ಸೀರೆ ಬದಲಿಸದ ಹೆಂಗಸು ಅಪರಿಚಿತ ಗಂಡಸರ ಮಧ್ಯೆ, ಕಣ್ಣು ಕುಕ್ಕುವ ಬೆಳಕಿನಲ್ಲಿ ಹಾಗೆ ಮಲಗಬೇಕಾಯಿತು. ಅವಳು ಕಣ್ಣು ಮುಚ್ಚಿಕೊಂಡು ಕಲ್ಮಾ ಹೇಳಿಕೊಂಡಳು. ಇದೊಂದು ಆಗಿಹೋದರೆ ಸಾಕು, ಇನ್ನು ಯಾರೂ ನನ್ನನ್ನು ಸುಳ್ಳಿ ಎನ್ನುವುದಿಲ್ಲ ಎಂದು ಆ ನಾಚಿಕೆಯನ್ನು ನುಂಗಿಕೊಂಡಳು.

ಮರುದಿನ ಡಾಕ್ಟರು ನಗುತ್ತಾ ಬಂದರು. ಫೋಟೋದಲ್ಲಿ ರಕ್ತನಾಳಗಳೆಲ್ಲ ಶುದ್ಧವಾಗಿವೆ, ಎಲ್ಲೂ ಅಡ್ಡಿ ಇಲ್ಲ, ಹೃದಯಕ್ಕೆ ಏನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಇಮಾಮ್ ಸಾಬ್ ಅವರ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಜಂಬಯ್ಯ ಯಜಮಾನರಿಗೆ ಫೋನು ಮಾಡಲು ಓಡಿದ. ಹಜೀರಾಬೀ ಮಾತ್ರ ಮಂಚದ ಮೇಲೆ ಕೂತು, ಡಾಕ್ಟರ ನಗುಮುಖ ನೋಡುತ್ತಾ, ಈ ಮನುಷ್ಯ ನನಗೆ ಎಂಥ ದ್ರೋಹ ಮಾಡಿಬಿಟ್ಟನಪ್ಪಾ ಎಂದುಕೊಂಡಳು. ಅವಳಿಗೆ ಅಳು ಬಂತು. ಅದನ್ನು ಎಲ್ಲರೂ ಆನಂದಬಾಷ್ಪ ಎಂದು ತಿಳಿದರು.

ದಾವಣಗೆರೆಯ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಓಣಿ ಸೇರಿತ್ತು. ಮೊದಲ ದಿನ ಜನ ಖುಷಿಪಟ್ಟರು, ಎರಡನೇ ದಿನ ಯೋಚಿಸಿದರು, ಮೂರನೇ ದಿನ ಆಡಿಕೊಂಡರು. ಏನೂ ಇಲ್ಲದಿದ್ದರೆ ಇಷ್ಟು ದಿನ ಎದೆ ಹಿಡಿದುಕೊಂಡದ್ದು ಯಾಕೆ? ಅಳತೆಯ ಜಾಗಕ್ಕೆ. ಬೆಂಗಳೂರು ನೋಡುವ ಆಸೆಗೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ. ಇಮಾಮ್ ಸಾಬ್ ಕೂಡ ಒಂದು ರಾತ್ರಿ ಊಟಕ್ಕೆ ಕೂತವನು, ಇನ್ನು ಮೇಲೆ ಆ ವಹಮ್ ಬಿಟ್ಟುಬಿಡು ಎಂದ. ಇಲ್ಲದ್ದನ್ನು ಇದೆ ಎಂದುಕೊಳ್ಳುವುದಕ್ಕೆ ಅವರ ಮಾತಿನಲ್ಲಿ ವಹಮ್ ಎನ್ನುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ಬಾಯಲ್ಲಿ ಆ ಮಾತು ಕೇಳಿ ಹಜೀರಾ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದಳು. ಆದರೂ ಅವಳು ಎದೆಗುಂದಲಿಲ್ಲ. ಯಾರು ಬಿಟ್ಟರೂ ಎದುರು ನಿಂತವಳು ಒಬ್ಬಳಿದ್ದಾಳೆ, ಅವಳು ಕಂಡದ್ದನ್ನು ಯಾವ ಫೋಟೋ ಅಳಿಸೀತು ಎಂಬ ಧೈರ್ಯ ಅವಳಿಗಿತ್ತು.

ದೀಪಾವಳಿ ಮುಗಿದ ವಾರ ಮುರುಗೇಶಪ್ಪನವರು ಭಟ್ಟಿಗೆ ಬಂದು ಕಟ್ಟೆಯ ಮೇಲೆ ಕೂತರು. ಹಂಪವ್ವ ತನ್ನ ಗಂಟು ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಒಲೆಗಳು ಉರಿಯುತ್ತಲೇ ಇದ್ದವು, ಹೆಂಗಸರು ಕೈಯಾಡಿಸುತ್ತಲೇ ಕಿವಿ ಇತ್ತ ಇಟ್ಟಿದ್ದರು. ಯಜಮಾನರು ಬೆಂಗಳೂರಿನ ಸಮಾಚಾರ ತಮಗೆ ಗೊತ್ತಿದೆ ಎಂದರು. ಆದರೆ ಮಿಷನ್ನಿನ ಮಾತು ಮಿಷನ್ನಿಗೆ, ಭಟ್ಟಿಯ ಪದ್ಧತಿ ಭಟ್ಟಿಗೆ, ಜೋಡಿಯನ್ನು ಕೇಳದೆ ತಾವು ತೀರ್ಮಾನ ಮಾಡುವವರಲ್ಲ ಎಂದರು. ಆ ಮಾತು ಕೇಳಿ ಹಜೀರಾಳ ಕಣ್ಣು ತುಂಬಿಬಂತು. ಇಂಥ ಯಜಮಾನ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡಳು.

"ಖುರ್ಷೀದಾ, ನೀನು ಎದುರು ನಿಂತಾಕಿ. ಇವ್ಳಿಗೆ ಎದೆನೋವು ಬರೋದು ನಿಜಾನಾ?" ಎಂದು ಕೇಳಿದರು.

ಖುರ್ಷೀದಾ ಅಕ್ಕಿಯ ಮೊರ ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಪಾಳ ಕಡೆ ನೋಡಲಿಲ್ಲ.

"ನಾನೇನು ನೋಡಿಲ್ರಿ ಯಜಮಾನ್ರ. ಸುಸ್ತಾಗ್ತಿತ್ತೇನೋ. ಅಷ್ಟು ದೊಡ್ಡ ಡಾಕ್ಟ್ರೇ ಏನೂ ಇಲ್ಲ ಅಂದ ಮ್ಯಾಲೆ ನಾನೇನು ಹೇಳ್ಲಿ."

ಮುರುಗೇಶಪ್ಪನವರು ಹಜೀರಾಳ ಕಡೆ ತಿರುಗಿ, ಏನಮ್ಮಾ ಎನ್ನುವ ಹಾಗೆ ಹುಬ್ಬೇರಿಸಿದರು. ಜೋಡಿಯ ಮಾತಿನ ಮೇಲೆ ಮಾತಾಡುವ ಪದ್ಧತಿ ಇರಲಿಲ್ಲ. ಕಾಯಿಲೆ ಇಲ್ಲ ಎಂದಾದ ಮೇಲೆ ಇಬ್ಬರೂ ಸರಿಸಮ. ಅಳೆಯುವವಳಿಗೆ ಕಣ್ಣು ಚುರುಕಿರಬೇಕು, ಸಕ್ಕರೆ ಕಾಯಿಲೆಯವರ ಕಣ್ಣು ಮುಂದೆ ಹೇಗೋ ಏನೋ ಎಂದು ಯಜಮಾನರು ಖುರ್ಷೀದಾಳನ್ನೇ ಕೂರಿಸಿದರು. ಎದೆಯ ಕಾಯಿಲೆಗೆ ಲೆಕ್ಕಕ್ಕೆ ಬಾರದ ಸಕ್ಕರೆ ಕಾಯಿಲೆ ಜಾಗ ತಪ್ಪಿಸುವುದಕ್ಕೆ ಲೆಕ್ಕಕ್ಕೆ ಬಂತು. ಹಂಪವ್ವ ಅಳತೆಯ ಡಬ್ಬಿಯನ್ನು ಖುರ್ಷೀದಾಳ ಕೈಗೆ ಕೊಟ್ಟು, ನೂರು ವರ್ಷ ಅಳೆಯವ್ವ ಎಂದು ಹರಸಿದಳು.

ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಜೀರಾ ಅದೇ ಒಲೆಯ ಮುಂದೆ ನಿಂತಳು. ಎದುರಿಗೆ ಫಕ್ರುನ್ನೀಸಾ ಎಂಬ ಹೊಸಬಳು ಬಂದಳು. ತನ್ನ ಪಾಡಿಗೆ ತಾನು ಕೆಲಸ ಮಾಡುವವಳು, ಯಾರ ಮುಖವನ್ನೂ ನೋಡುವವಳಲ್ಲ. ನೋವು ಮುಂಚಿನಂತೆಯೇ ಬರುತ್ತಿತ್ತು. ಹಜೀರಾ ಈಗ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ತನ್ನ ಎದೆಗೇ ಬುದ್ಧಿ ಹೇಳುತ್ತಿದ್ದಳು. ನಿನಗೇನೂ ಆಗಿಲ್ಲ, ಬೆಂಗಳೂರಿನವರು ನೋಡಿದ್ದಾರೆ, ಸುಮ್ಮನಿರು ಎಂದು ಗದರಿಸುತ್ತಿದ್ದಳು. ಎದೆ ಕೇಳುತ್ತಿರಲಿಲ್ಲ. ಕೆಲವೊಮ್ಮೆ ಅವಳಿಗೇ ಅನುಮಾನ ಬರುತ್ತಿತ್ತು: ಗಂಡ ಹೇಳುವುದೇ ನಿಜವಿರಬಹುದೇ, ತನ್ನ ಮೈಯೇ ತನಗೆ ಸುಳ್ಳು ಹೇಳುತ್ತಿದೆಯೇ? ಬೇರೆಯವರು ನಂಬದಿದ್ದರೆ ಮನುಷ್ಯ ಹೇಗೋ ಬದುಕುತ್ತಾನೆ. ತನ್ನನ್ನು ತಾನೇ ನಂಬದ ಹಾಗಾದರೆ ಅವನಿಗೆ ಹೋಗಲು ಜಾಗವೇ ಇರುವುದಿಲ್ಲ. ಹಜೀರಾಳಿಗೆ ಆ ಎರಡು ವರ್ಷ ಆದದ್ದು ಅದು.

ಬಾಗಿಲ ಪಕ್ಕದ ಗಾಳಿಯಲ್ಲಿ ಕೂತ ಖುರ್ಷೀದಾ ಕಣ್ಣೆತ್ತಿದರೆ ಕಾಣುವಷ್ಟು ಹತ್ತಿರದಲ್ಲಿದ್ದಳು. ಅವಳು ಕಣ್ಣೆತ್ತುತ್ತಿರಲಿಲ್ಲ. ಆದರೆ ಆಪಾಳಿಗೆ ಸಕ್ಕರೆ ಇಲ್ಲದ ಚಹಾ ಬೇರೆ ಮಾಡಿಸಿ ಕಳಿಸುತ್ತಿದ್ದಳು, ಈದಿಗೆ ಸೀರೆ ತಂದುಕೊಟ್ಟಳು, ಹಾಲುಮಗನನ್ನು ಆಗಾಗ ಮನೆಗೆ ಕಳಿಸುತ್ತಿದ್ದಳು. ಓಣಿಯ ಹೆಂಗಸರು ಹಜೀರಾಳ ಮುಂದೆ ಖುರ್ಷೀದಾಳನ್ನು ಆಡಿಕೊಳ್ಳಲು ಬಂದರೆ ಹಜೀರಾಳೇ ಅವರನ್ನು ಅಟ್ಟುತ್ತಿದ್ದಳು. ಅವಳೇನು ಮಾಡಬೇಕಿತ್ತು, ಓದಿದ ಡಾಕ್ಟರೇ ಇಲ್ಲ ಅಂದಾಗ ಓದದ ಹೆಂಗಸು ಇದೆ ಅನ್ನಲಾದೀತೇ, ಅವಳು ಡಾಕ್ಟರನ್ನು ನಂಬಿದಳು, ಅದೇನು ಪಾಪವೇ ಎಂದು ಕೇಳುತ್ತಿದ್ದಳು. ಎಲ್ಲ ದ್ರೋಹವನ್ನೂ ಅವಳು ಆ ನಗುಮುಖದ ಡಾಕ್ಟರ ತಲೆಗೆ ಕಟ್ಟಿದ್ದಳು. ಗೆಳತಿಯ ಪಾಲಿಗೆ ಒಂದು ಚೂರನ್ನೂ ಇಟ್ಟಿರಲಿಲ್ಲ. ಇಪ್ಪತ್ತು ವರ್ಷದ ಸ್ನೇಹವನ್ನು ಉಳಿಸಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ ದಾರಿ.

ಎಂಬತ್ತೈದರ ಬೇಸಿಗೆಯಲ್ಲಿ ಒಂದು ದಿನ ಅವಳು ಒಲೆಯ ಪಕ್ಕಕ್ಕೇ ಬಿದ್ದಳು. ಮರಳು ತಗಲಿ ಮೊಣಕೈ ಸುಟ್ಟಿತು. ಸುಟ್ಟ ಗಾಯಕ್ಕೆ ಎಲ್ಲರೂ ಮರುಗಿದರು, ಅದು ಕಣ್ಣಿಗೆ ಕಾಣುವ ಗಾಯ. ಅಲ್ಲಿಗೆ ಭಟ್ಟಿಯ ಋಣ ಮುಗಿಯಿತು. ಕಲಾಯಿ ಕೆಲಸವೂ ದಾವಣಗೆರೆಯಲ್ಲಿ ನಿಂತುಹೋಗಿದ್ದರಿಂದ ಗಂಡಹೆಂಡಿರು ಹರಿಹರಕ್ಕೆ ಹೋಗಿ, ಹೊಳೆಯ ಕಡೆಯ ಓಣಿಯಲ್ಲಿ ಹಜೀರಾಳ ತವರಿನವರ ಹಳೆಯ ಮನೆಯ ಒಂದು ಕೋಣೆ ಸೇರಿಕೊಂಡರು. ಅಲ್ಲಿಯೂ ನೋವು ಬಿಡಲಿಲ್ಲ. ಹೊಳೆಯಿಂದ ಬಟ್ಟೆ ಒಗೆದುಕೊಂಡು ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂರಬೇಕಿತ್ತು.

ಎಂಬತ್ತೇಳರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಬರೆಸಿಕೊಳ್ಳಲೆಂದು ಅವಳು ಹೊಸದಾಗಿ ಬಂದ ಲೇಡಿ ಡಾಕ್ಟರ ಹತ್ತಿರ ಹೋದಳು. ಹೆಸರು ಗುರುಶಾಂತಮ್ಮ, ಕೊಕ್ಕನೂರಿನ ರೈತರ ಮಗಳು. ದೊಡ್ಡ ಓದು ಓದಿ, ಊರ ಹತ್ತಿರವೇ ಇರಬೇಕೆಂದು ಹರಿಹರದಲ್ಲಿ ಡಾಕ್ಟರಿ ಷಾಪು ಹಾಕಿದವಳು. ಈ ಡಾಕ್ಟರಿಗೆ ಒಂದು ವಿಚಿತ್ರ ಗುಣವಿತ್ತು, ರೋಗಿ ಮಾತಾಡುವಾಗ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಎಂದು ಕೇಳಿ, ಪೆನ್ನು ಕೆಳಗಿಟ್ಟು ಕೂತಳು. ಹಜೀರಾ ಮೊದಲು ಏನೂ ಇಲ್ಲ ಎಂದಳು. ಅಭ್ಯಾಸವಾಗಿಹೋಗಿತ್ತು. ಆಮೇಲೆ ಎಲ್ಲವನ್ನೂ ಹೇಳಿದಳು, ಬೆಂಗಳೂರಿನ ಫೋಟೋದ ತನಕ.

ಗುರುಶಾಂತಮ್ಮ ಹೇಳಿದ್ದು ಇಷ್ಟು. ಬೆಂಗಳೂರಿನವರು ಸುಳ್ಳು ಹೇಳಿಲ್ಲ. ಅವರ ಫೋಟೋದಲ್ಲಿ ಕಾಣುವುದು ದೊಡ್ಡ ರಕ್ತನಾಳಗಳು ಮಾತ್ರ. ಅವುಗಳಿಂದ ಕವಲೊಡೆದು ಹೃದಯದ ಮಾಂಸದೊಳಗೆ ಹೋಗುವ ಕೂದಲೆಳೆಯಂಥ ನಾಳಗಳು ಅದರಲ್ಲಿ ಬೀಳುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಲ್ಲಿ ಆ ಸಣ್ಣ ನಾಳಗಳು ಬಿಗಿದುಕೊಂಡುಬಿಡುತ್ತವೆ. ದುಡಿಯುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಆಗ ಅವು ಹಿಗ್ಗಿ ದಾರಿ ಕೊಡಬೇಕು. ಕೊಡುವುದಿಲ್ಲ. ಅದಕ್ಕೇ ನೋವು. ಹೀಗಾಗುತ್ತದೆ ಎಂಬುದನ್ನು ದೊಡ್ಡ ದೊಡ್ಡವರೇ ಈಗೀಗ ಬರೆಯುತ್ತಿದ್ದಾರೆ, ಇದನ್ನು ಹಿಡಿದು ತೋರಿಸುವ ಮಿಷನ್ನು ಇಲ್ಲೆಲ್ಲೂ ಇಲ್ಲ, ಆದರೆ ನಿಮ್ಮ ಕಥೆ ಕೇಳಿದರೆ ನನಗೆ ಅನುಮಾನವೇ ಉಳಿದಿಲ್ಲ ಎಂದಳು.

ಹಜೀರಾ ಅರ್ಥವಾಗದೆ ನೋಡುತ್ತಿದ್ದಳು. ಡಾಕ್ಟರಮ್ಮ ತನ್ನ ಊರಿನ ಮಾತಿಗೆ ಇಳಿದಳು.

"ಭದ್ರಾ ನಾಲೆ ನೋಡೀರಲ್ಲ. ದೊಡ್ಡ ನಾಲೆ ತುಂಬಿ ಹರಿತಿರುತೈತೆ, ನಮ್ಮಪ್ಪನ ಕೊನೇ ಗದ್ದೆಗೆ ಹನಿ ನೀರಿರಲ್ಲ. ಸಾಹೇಬ್ರು ನಾಲೆ ಏರಿ ಮ್ಯಾಲೆ ಜೀಪ್ ನಿಲ್ಸಿ, ನೀರು ಸರಿ ಐತೆ ಅಂತ ಬರ್ಕೊಂಡು ಹೋಗ್ತಾರೆ. ಅವ್ರು ಸುಳ್ಳು ಬರೆಯಲ್ಲ. ಗದ್ದೆ ಒಣಗೋದೂ ಸುಳ್ಳಲ್ಲ. ನಿಮ್ಮ ನೋವು ನಿಜ ಅಮ್ಮಾ."

ನಿಮ್ಮ ನೋವು ನಿಜ. ಇದೊಂದು ಮಾತಿಗೆ ಹಜೀರಾಬೀ ಎಷ್ಟು ವರ್ಷ ಕಾದಿದ್ದಳೆಂಬುದು ಅವಳಿಗೇ ಆಗ ಗೊತ್ತಾಯಿತು. ಆ ಕುರ್ಚಿಯಲ್ಲಿ ಕೂತು, ಹೊರಗಿನ ರೋಗಿಗಳಿಗೆಲ್ಲ ಕೇಳುವ ಹಾಗೆ ಅತ್ತಳು. ಡಾಕ್ಟರಮ್ಮ ಸುಮ್ಮನೆ ಅಳಲು ಬಿಟ್ಟಳು. ಸಕ್ಕರೆ, ಬಿ.ಪಿ. ಎರಡನ್ನೂ ಹತೋಟಿಯಲ್ಲಿಡಬೇಕು, ಬೆಂಕಿಯ ಮುಂದಿನ ಕೆಲಸ ಕೂಡದು, ಮೊದಲೇ ಬಿಟ್ಟಿದ್ದರೆ ಹೃದಯ ಇಷ್ಟು ದಣಿಯುತ್ತಿರಲಿಲ್ಲ ಎಂದು ಹೇಳಿ, ನಾಲಿಗೆ ಕೆಳಗಿಡುವ ಗುಳಿಗೆಯನ್ನೂ ಬೇರೆ ಗುಳಿಗೆಗಳನ್ನೂ ಕೊಟ್ಟಳು. ಮನೆಗೆ ಬಂದು ಹಜೀರಾ ಇಮಾಮ್ ಸಾಬನಿಗೆ ಹೇಳಿದಳು. ವಹಮ್ ಎಂದಿದ್ದನ್ನು ಅವನು ಮರೆತಿರಲಿಲ್ಲ. ಅಂದಿನಿಂದ ಹೊಳೆಗೆ ಬಟ್ಟೆ ಒಗೆಯಲು ಅವನೇ ಹೋಗತೊಡಗಿದ.

ಹಜೀರಾಳಿಗೆ ಮಾತ್ರ ಒಂದೇ ತವಕ. ಖುರ್ಷೀದಾಳಿಗೆ ಹೇಳಬೇಕು. ಆಡಿ ತೋರಿಸುವುದಕ್ಕಲ್ಲ. ಆ ಡಾಕ್ಟರ ಮಾತು ನಂಬಿ ಆಪಾಳಿಗೆ ಅನ್ಯಾಯ ಮಾಡಿಬಿಟ್ಟೆನೇನೋ ಎಂದು ಅವಳು ಒಳಗೊಳಗೇ ಬೇಯುತ್ತಿರಬಹುದು, ಅದಕ್ಕೇ ಕಣ್ಣೆತ್ತಿ ನೋಡುತ್ತಿರಲಿಲ್ಲ, ಪಾಪ. ನಿನ್ನ ತಪ್ಪಿಲ್ಲ ಎಂದು ಹೇಳಿ ಆ ಭಾರ ಇಳಿಸಬೇಕು ಎಂದು ಅವಳ ಆಸೆ. ಶುಕ್ರವಾರ ಭಟ್ಟಿಗೆ ರಜೆ. ಬೆಳಿಗ್ಗೆಯೇ ಬಸ್ಸು ಹತ್ತಿ ದಾವಣಗೆರೆಗೆ ಬಂದಳು.

ಖುರ್ಷೀದಾ ಬಾಗಿಲಲ್ಲಿ ಅವಳನ್ನು ಕಂಡು ಕೈಹಿಡಿದು ಒಳಗೆ ಕರೆದುಕೊಂಡಳು. ಮೈ ತುಂಬಿಕೊಂಡಿದ್ದಳು, ಮುಖದ ಸುಟ್ಟ ಬಣ್ಣ ಹೋಗಿ ತಿಳಿಯಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚಾಪೆ ಹಾಸಿ, ಕೇಳದೆಯೇ ಸಕ್ಕರೆ ಇಲ್ಲದ ಚಹಾ ಮಾಡಿ ತಂದಳು. ಹಜೀರಾ ಚಹಾ ಮುಟ್ಟದೆ, ಗುರುಶಾಂತಮ್ಮ ಹೇಳಿದ್ದನ್ನೆಲ್ಲ, ನಾಲೆ, ಗದ್ದೆ, ಜೀಪು ಏನನ್ನೂ ಬಿಡದೆ, ಸಂಭ್ರಮದಿಂದ ಹೇಳಿದಳು. ಖುರ್ಷೀದಾ ತಲೆ ತಗ್ಗಿಸಿ ಕೇಳುತ್ತಿದ್ದಳು. ಕೊನೆಗೆ ಹಜೀರಾ ತಾನು ಹೇಳಬೇಕೆಂದು ಬಂದ ಮಾತು ಹೇಳಿದಳು.

"ನಿನ್ ತಪ್ಪಿಲ್ಲ ಖುರ್ಷೀದಾ. ಅಂಥಾ ಡಾಕ್ಟ್ರಿಗೇ ಕಾಣ್ಲಿಲ್ಲ, ನಿನಗೆ ಹೆಂಗೆ ಕಾಣಬೇಕು?"

ಬೈದಿದ್ದರೆ ಖುರ್ಷೀದಾ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳು ನಾಲ್ಕು ವರ್ಷದಿಂದ ತಯಾರಾಗಿ ಕೂತಿದ್ದಳು. ಈ ಮಾಫಿಗೆ ತಯಾರಾಗಿರಲಿಲ್ಲ.

"ನನಗೆ ಕಂಡಿತ್ತು ಆಪಾ," ಎಂದಳು.

ಹಜೀರಾಳಿಗೆ ತಕ್ಷಣ ಅರ್ಥವಾಗಲಿಲ್ಲ. ಖುರ್ಷೀದಾ ನಿಲ್ಲಿಸಲಿಲ್ಲ, ಕಟ್ಟೆ ಒಡೆದವಳ ಹಾಗೆ ಹೇಳುತ್ತಾ ಹೋದಳು. ತುಟಿ ನೀಲಿಗಟ್ಟಿದ್ದು ಕಂಡಿದ್ದೆ. ಬೆಂಕಿಯ ಮುಂದೆ ತಣ್ಣಗಿನ ಬೆವರು ಒರೆಸಿದ್ದು ನನ್ನ ಕೈಯೇ. ಅದು ನಾಟಕ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಬೆಂಗಳೂರಿಂದ ನೀನು ಬಂದ ದಿನವೂ ಅನ್ನಿಸಲಿಲ್ಲ. ಆದರೆ ನನಗೂ ಬೆಂಕಿ ಸಾಕಾಗಿತ್ತು. ಆ ಜಾಗ ಒಂದೇ ಇತ್ತು. ನೀನು ಕೂತರೆ ನಾನು ಸಾಯುವ ತನಕ ಒಲೆ ಮುಂದೆಯೇ ಅನ್ನುವುದು ನನಗೆ ಗೊತ್ತಿತ್ತು.

"ನನ್ನಷ್ಟಕ್ಕೆ ನಾನು ಸುಳ್ಳು ಹೇಳಾಕೆ ಧೈರ್ಯ ಇರಲಿಲ್ಲ," ಎಂದಳು. "ಡಾಕ್ಟ್ರು ಆ ಮಾತು ಹೇಳಿದ್ ಮ್ಯಾಲೆ ಧೈರ್ಯ ಬಂತು."

ಹಜೀರಾ ಅವಳ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಸುಳ್ಳು ಇರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ಕಂಡಿರಲಿಲ್ಲ, ಅವನು ಇಲ್ಲ ಎಂದ. ಗಂಡನಿಗೆ ಕಂಡಿರಲಿಲ್ಲ, ಅವನು ವಹಮ್ ಎಂದ. ಊರಿಗೆ ಕಂಡಿರಲಿಲ್ಲ, ಊರು ನಕ್ಕಿತು. ಲೋಕದಲ್ಲಿ ಒಬ್ಬಳೇ ಒಬ್ಬಳಿಗೆ ಕಂಡಿತ್ತು, ಅವಳು ಕಂಡೂ ತನ್ನನ್ನು ಎರಡು ವರ್ಷ ಬೆಂಕಿಯ ಮುಂದೆ ನಿಲ್ಲಿಸಿ, ಬಾಗಿಲ ಗಾಳಿಯಲ್ಲಿ ಕೂತು ಚಹಾ ಕಳಿಸಿದ್ದಳು. ಇಷ್ಟು ವರ್ಷ ತಾನು ದ್ರೋಹವನ್ನೆಲ್ಲ ಕಟ್ಟಿದ್ದು ತಪ್ಪು ತಲೆಗೆ ಎಂದು ಅವಳಿಗೆ ತಿಳಿಯಿತು.

ಖುರ್ಷೀದಾ ಅವಳ ಕಾಲು ಹಿಡಿಯಲು ಬಗ್ಗಿದಳು. ನಾಳೆಯೇ ಯಜಮಾನರ ಮುಂದೆ ನಿಂತು ನಿಜ ಹೇಳುತ್ತೇನೆ, ಎಲ್ಲರೆದುರು ಹೇಳುತ್ತೇನೆ ಎಂದು ಅಳುತ್ತಿದ್ದಳು. ಹಜೀರಾ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಗೊತ್ತಿರಲಿಲ್ಲ ಅಂದಿದ್ರೆ ಸಾಕಿತ್ತಲ್ಲ," ಎಂದಳು. "ಅದೊಂದು ಮಾತು ಕೇಳಾಕೆ ಬಂದಿದ್ದೆ ನಾನು."

ಅವಳು ಎದ್ದಳು. ಖುರ್ಷೀದಾ ಬಸ್‌ಸ್ಟ್ಯಾಂಡ್ ತನಕ ಬರುತ್ತೇನೆಂದಳು, ಬ್ಯಾಡ ಎಂದಳು ಇವಳು. ಓಣಿ ದಾಟುವಷ್ಟರಲ್ಲಿ ಎದೆ ಹಿಡಿಯಿತು. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಂಡು, ಅದು ಇಳಿಯುವ ತನಕ ಕಾದಳು. ದಾರಿಹೋಕರೊಬ್ಬರು ಏನಾಯ್ತಮ್ಮಾ ಎಂದು ಕೇಳಿದರು. ಏನಿಲ್ಲ ಎಂದಳು.

ಹರಿಹರ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಇಮಾಮ್ ಸಾಬ್ ಬಾಗಿಲಲ್ಲೇ ಕಾಯುತ್ತಿದ್ದ. ಅವಳಿಗಿಂತ ಅವನಿಗೇ ಆತುರ.

"ಹೇಳಿದೇನು? ನಂಬಿದ್ಲಾ ಆಕಿ?"

"ನಂಬಿದ್ಲು," ಎಂದಳು ಹಜೀರಾಬೀ. "ಮೊದ್ಲಿಂದಾನೂ ನಂಬಿದ್ಲಂತೆ."

ಇಮಾಮ್ ಸಾಬನ ಮುಖ ಅರಳಿತು. ನೋಡಿದೆಯಾ, ನಾವೆಲ್ಲ ಕೈಬಿಟ್ಟರೂ ನಿನ್ನ ಜೋಡಿ ಕೈಬಿಟ್ಟಿರಲಿಲ್ಲ, ಅಂಥವಳು ಒಬ್ಬಳಿದ್ದರೆ ಸಾಕು ಮನುಷ್ಯನಿಗೆ ಎಂದು ಹೇಳುತ್ತಾ, ಅವಳಿಗೆ ಅನ್ನ ಬಡಿಸಲು ಒಳಗೆ ಹೋದ. ಹಜೀರಾಬೀ ಚಪ್ಪಲಿ ಬಿಟ್ಟು ಬಾಗಿಲ ಬಳಿಯೇ ಕೂತು, ಹೂಂ ಎಂದಳು.